ಸಹಿ ಇಲ್ಲದ ಹಾಳೆ

(ಮೈಸೂರಿನಲ್ಲಿ ಪತ್ರಿಕೋದ್ಯಮ ಓದುತ್ತಿರುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಾಡುವಾಗ ಅಲ್ಲಲ್ಲಿ ದಾರಿ ತಪ್ಪಿದ್ದೆ. ಸ್ವಲ್ಪ ಸರಿ ಮಾಡಿದ್ದೇನೆ, ಪೂರ್ತಿ ಮಾಡಿಲ್ಲ.)

ನಿಮ್ಮ ಮೇಡಂ ಫೋನ್ ಮಾಡಿ, ‘ಮಾಧ್ಯಮ ಸ್ವಾತಂತ್ರ್ಯದ ಬಗ್ಗೆ ಒಂದು ಗಂಟೆ ಮಾತಾಡಿ ಸಾರ್’ ಎಂದರು. ಹ್ಞೂಂ ಅಂದುಬಿಟ್ಟೆ. ಆಮೇಲೆ ಗಾಬರಿಯಾಯಿತು. ನಾನು ಡೆಸ್ಕ್‌ನಲ್ಲಿ ಕೂತು ಬೇರೆಯವರ ಕಾಪಿ ತಿದ್ದಿಕೊಂಡು ಬಂದವನು. ಸ್ವಾತಂತ್ರ್ಯದಂಥ ದೊಡ್ಡ ಮಾತು ನನ್ನ ಬಾಯಿಗೆ ಒಗ್ಗುವುದಿಲ್ಲ. ಅದಕ್ಕೇ ಒಂದು ದೇಶ, ಒಂದು ಹಾಳೆ, ಇಷ್ಟನ್ನೇ ಇಟ್ಟುಕೊಂಡು ಮಾತಾಡುತ್ತೇನೆ.

ದೇಶ ಉಕ್ರೇನ್. ನಮ್ಮಲ್ಲಿ ಬಹಳ ಜನಕ್ಕೆ ಆ ದೇಶ ನಿಜವಾಗಿ ಗೊತ್ತಾದದ್ದು 2022ರ ಮಾರ್ಚ್ 1ರಂದು. ಹಾವೇರಿ ಜಿಲ್ಲೆಯ ಒಬ್ಬ ಮೆಡಿಕಲ್ ವಿದ್ಯಾರ್ಥಿ ಖಾರ್ಕಿವ್‌ನಲ್ಲಿ ಊಟದ ಸಾಮಾನು ತರಲು ಹೊರಗೆ ಹೋಗಿ ದಾಳಿಯಲ್ಲಿ ತೀರಿಕೊಂಡ ದಿನ. ಅಲ್ಲಿಯವರೆಗೆ ಅದು ನಮಗೆ ಕಡಿಮೆ ಫೀಸಿನ ಎಂಬಿಬಿಎಸ್ ಸಿಗುವ ಊರು, ಅಷ್ಟೇ. ನಾನು ಇವತ್ತು ಯುದ್ಧದ ಬಗ್ಗೆ ಮಾತಾಡುವುದಿಲ್ಲ. ಅದಕ್ಕೂ ಮೊದಲಿನ ಕಥೆ ಇದು. ಸೋವಿಯತ್ ಒಕ್ಕೂಟ ಒಡೆದು ಹೊಸದಾಗಿ ದೇಶ ಆದವರು, ತಮ್ಮ ಸರ್ಕಾರದ ಬಗ್ಗೆ ತಾವೇ ಬರೆಯುವುದನ್ನು ಹೇಗೆ ಕಲಿತರು, ಎಷ್ಟು ಪೆಟ್ಟು ತಿಂದರು ಅನ್ನೋದು.

ಹಾಳೆಯ ವಿಷಯ ಆಮೇಲೆ ಬರುತ್ತದೆ. ಮೊದಲು ಸೆನ್ಸಾರ್ ಕಚೇರಿಯ ವಿಷಯ.

ಸೋವಿಯತ್ ಕಾಲದಲ್ಲಿ ಆ ಕಚೇರಿಗೆ ಗ್ಲಾವ್‌ಲಿತ್ ಅಂತ ಹೆಸರು. ಪತ್ರಿಕೆ ಇರಲಿ, ಪುಸ್ತಕ ಇರಲಿ, ಅಚ್ಚಿಗೆ ಹೋಗುವ ಮೊದಲು ಅವರ ಕಣ್ಣು ದಾಟಬೇಕು. ಜನ ಏನು ಕಮ್ಮಿಯೇ? ಅವರೂ ಮಾತು ಕಟ್ಟಿದರು. ಅಲ್ಲಿನ ಎರಡು ದೊಡ್ಡ ಪತ್ರಿಕೆಗಳ ಹೆಸರು ಪ್ರಾವ್ದಾ ಮತ್ತು ಇಜ್ವೆಸ್ತಿಯಾ. ಪ್ರಾವ್ದಾ ಅಂದರೆ ಸತ್ಯ, ಇಜ್ವೆಸ್ತಿಯಾ ಅಂದರೆ ಸುದ್ದಿ. ‘ಸತ್ಯದಲ್ಲಿ ಸುದ್ದಿ ಇಲ್ಲ, ಸುದ್ದಿಯಲ್ಲಿ ಸತ್ಯ ಇಲ್ಲ’ ಅನ್ನೋದು ಮನೆಮನೆಯ ಜೋಕು.

ಉಕ್ರೇನಿನ ಚೆರ್ನೋಬಿಲ್ ಅಣು ಸ್ಥಾವರದ ವಿಷಯದಲ್ಲಿ ಮಾತ್ರ ಅದು ಜೋಕಾಗಿ ಉಳಿಯಲಿಲ್ಲ. 1986ರ ಏಪ್ರಿಲ್ 26ರ ನಸುಕಿನಲ್ಲಿ ರಿಯಾಕ್ಟರ್ ಸ್ಫೋಟಿಸಿತು. ಮಾರನೇ ದಿನ ಪಕ್ಕದ ಪ್ರಿಪ್ಯಾತ್ ಊರನ್ನೇ ಖಾಲಿ ಮಾಡಿಸಿದರು. ಹತ್ತಿರಹತ್ತಿರ 50 ಸಾವಿರ ಜನ ಬಸ್ ಹತ್ತಿದರು. ಟಿವಿಯಲ್ಲಿ ಸುದ್ದಿ ಬಂದದ್ದು ಯಾವಾಗ? 28ರ ರಾತ್ರಿ. ಅದೂ ಸ್ವೀಡನ್‌ನ ಒಂದು ಅಣು ಸ್ಥಾವರದಲ್ಲಿ ವಿಕಿರಣ ಪತ್ತೆಯಾಗಿ, ಎಲ್ಲಿಂದ ಬಂತು ಅಂತ ಅವರು ಕೇಳಿದ ಮೇಲೆ. ನಾಲ್ಕಾರು ಸಾಲಿನ ಪ್ರಕಟಣೆ, ಮುಗಿಯಿತು. ಮೇ 1ಕ್ಕೆ ರಾಜಧಾನಿ ಕೀವ್‌ನ ಮುಖ್ಯ ಬೀದಿಯಲ್ಲಿ ಕಾರ್ಮಿಕ ದಿನದ ಮೆರವಣಿಗೆ ಎಂದಿನಂತೆ ನಡೆಯಿತು. ಮಕ್ಕಳೂ ಇದ್ದರು. ರಿಯಾಕ್ಟರ್ ಇದ್ದದ್ದು ಅಲ್ಲಿಂದ ನೂರು ಕಿಲೋಮೀಟರ್ ಆಚೆ. ಮೈಸೂರಿಗೂ ಚನ್ನರಾಯಪಟ್ಟಣಕ್ಕೂ ಇರುವುದಕ್ಕಿಂತ ಸ್ವಲ್ಪ ಜಾಸ್ತಿ ದೂರ ಅಂತ ಇಟ್ಟುಕೊಳ್ಳಿ.

ಸುದ್ದಿ ಮುಚ್ಚಿಟ್ಟರೆ ಮಕ್ಕಳ ಮೈಗೆ ತಟ್ಟುತ್ತದೆ ಅಂತ ಆ ತಾಯಂದಿರಿಗೆ ಗೊತ್ತಾಯಿತು. ಮುಂದೆ ಆ ದೇಶದಲ್ಲಿ ಪತ್ರಕರ್ತರ ಬೆನ್ನಿಗೆ ಜನ ನಿಂತಾಗಲೆಲ್ಲ ಈ ನೆನಪು ಹಿಂದೆ ಇತ್ತು ಅಂತ ನನ್ನ ಅನಿಸಿಕೆ.

1990ರಲ್ಲಿ ಮಾಸ್ಕೋದಲ್ಲೇ ಹೊಸ ಪತ್ರಿಕಾ ಕಾನೂನು ಬಂತು, ಸೆನ್ಸಾರ್ ರದ್ದಾಯಿತು. 1991ರ ಆಗಸ್ಟ್ 24ರಂದು ಉಕ್ರೇನ್ ಸ್ವಾತಂತ್ರ್ಯ ಘೋಷಿಸಿತು. ಡಿಸೆಂಬರ್ 1ರ ಜನಮತದಲ್ಲಿ ಶೇ 90ಕ್ಕೂ ಜಾಸ್ತಿ ಜನ ಹೌದು ಅಂದರು. 1996ರ ಸಂವಿಧಾನ ಬಂದಾಗ ಅದರ 15ನೇ ವಿಧಿಯಲ್ಲಿ ‘ಸೆನ್ಸಾರ್ ನಿಷಿದ್ಧ’ ಅಂತ ನೇರವಾಗಿ ಬರೆದರು. ಸೆನ್ಸಾರ್ ಕಚೇರಿಗೆ ಬೀಗ ಬಿತ್ತು.

ನನ್ನ ಇವತ್ತಿನ ಪ್ರಶ್ನೆ ಇಷ್ಟೇ. ಕಚೇರಿ ಮುಚ್ಚಿದ ಮೇಲೆ ಸೆನ್ಸಾರ್ ಎಲ್ಲಿಗೆ ಹೋಯಿತು?

ಮೊದಲು ಹೋದದ್ದು ದುಡ್ಡಿನ ಕಡೆ. 1993ರಲ್ಲಿ ಅಲ್ಲಿ ಬೆಲೆ ಏರಿದ್ದು ಒಂದೇ ವರ್ಷದಲ್ಲಿ ಶೇ 10,000ಕ್ಕೂ ಜಾಸ್ತಿ. ಸೊನ್ನೆ ಲೆಕ್ಕ ಸರಿಯಾಗಿಯೇ ಹೇಳಿದ್ದೇನೆ. ಚಂದಾ ಕಟ್ಟಿಸಿಕೊಂಡ ಪತ್ರಿಕೆಗೆ ವರ್ಷದ ಕೊನೆಗೆ ಆ ಚಂದಾ ಹಣದಲ್ಲಿ ಒಂದು ಸಂಚಿಕೆಯ ಕಾಗದವೂ ಬರುವುದಿಲ್ಲ. ಜಾಹೀರಾತು ಕೊಡಲು ಅಂಗಡಿ ಎಲ್ಲಿದೆ? ಹಾಗಾಗಿ ಪತ್ರಿಕೆ ಉಳಿಯಬೇಕಾದರೆ ಒಬ್ಬ ಧಣಿ ಬೇಕು. ಸೋವಿಯತ್ ಕಾರ್ಖಾನೆಗಳು ಖಾಸಗಿಯಾದಾಗ ಉಕ್ಕು, ಗ್ಯಾಸ್, ಬ್ಯಾಂಕು ಹಿಡಿದುಕೊಂಡು ರಾತ್ರೋರಾತ್ರಿ ಶ್ರೀಮಂತರಾದವರು ಇದ್ದರಲ್ಲ, ಅವರೇ ಬಂದು ಪತ್ರಿಕೆ ಕೊಂಡರು, ಟಿವಿ ಚಾನೆಲ್ ಕೊಂಡರು. ಚಾನೆಲ್‌ನಿಂದ ಲಾಭ ಬರಲಿ ಅಂತಲ್ಲ. ಮನೆಗೆ ಕಾವಲು ನಾಯಿ ಇಟ್ಟ ಹಾಗೆ. ಎರಡನೇ ಅಧ್ಯಕ್ಷ ಲಿಯೊನಿದ್ ಕುಚ್ಮಾ ಅವರ ಅಳಿಯ ವಿಕ್ತೋರ್ ಪಿಂಚುಕ್ ಒಬ್ಬರ ಕೈಯಲ್ಲೇ ಮೂರು ರಾಷ್ಟ್ರೀಯ ಚಾನೆಲ್‌ಗಳಿದ್ದವು.

ಮಾತು ಕೇಳದ ಪತ್ರಿಕೆಗೆ ಏನು ಮಾಡುತ್ತಿದ್ದರು? ನಿಷೇಧ ಹಾಕುತ್ತಿರಲಿಲ್ಲ. ತೆರಿಗೆಯವರು ಬರುತ್ತಿದ್ದರು. ಅಗ್ನಿಶಾಮಕದವರು ಬಂದು ‘ಈ ಬಾಗಿಲು ಸರಿಯಿಲ್ಲ’ ಅನ್ನುತ್ತಿದ್ದರು. ಪ್ರೆಸ್ ಸರ್ಕಾರದ್ದಾದರೆ ಮೆಷಿನ್ ಕೆಟ್ಟಿತು ಅನ್ನುತ್ತಿದ್ದರು. ಮಾನನಷ್ಟದ ಕೇಸಿನಲ್ಲಿ ಪತ್ರಿಕೆಯ ಮೇಜು ಕುರ್ಚಿ ಮಾರಿದರೂ ತೀರದಷ್ಟು ಪರಿಹಾರ ಕೇಳುತ್ತಿದ್ದರು. ಇವುಗಳಲ್ಲಿ ಯಾವುದನ್ನೂ ಸೆನ್ಸಾರ್ ಅಂತ ಕರೆಯೋಕೆ ಆಗಲ್ಲ, ಅಲ್ವಾ? ಎಲ್ಲವೂ ನಿಯಮದ ಪ್ರಕಾರವೇ.

ಇನ್ನೊಂದು ಚೋದ್ಯ. ದುಡ್ಡು ಕೊಟ್ಟು ಬರೆಸಿದ ಸುದ್ದಿಗೆ ಅಲ್ಲಿನ ಪತ್ರಕರ್ತರು ಇಟ್ಟ ಹೆಸರು ‘ಜಿನ್ಸಾ’. ಜೀನ್ಸ್ ಬಟ್ಟೆ ಅಂತ ಅರ್ಥ. ವರದಿಗಾರನ ಜೀನ್ಸ್ ಜೇಬಿಗೆ ನೋಟು ತುರುಕುತ್ತಿದ್ದರು, ಅದರಿಂದ ಆ ಹೆಸರು ಅಂತ ಒಂದು ಕಥೆ ಇದೆ. ನಾವು ಪೇಯ್ಡ್ ನ್ಯೂಸ್ ಅಂತ ಮುಖ ಗಂಟಿಕ್ಕಿಕೊಂಡು ಹೇಳುತ್ತೇವೆ. ಅವರ ಪದದಲ್ಲಿ ಸ್ವಲ್ಪ ನಗು ಇದೆ.

ಇಂಥ ಹೊತ್ತಿನಲ್ಲಿ ಬಂದವರು ಪತ್ರಕರ್ತ ಹೆಯೋರ್ಹಿ ಗೊಂಗಾಡ್ಜೆ.

ಹುಟ್ಟಿದ್ದು 1969ರಲ್ಲಿ, ಜಾರ್ಜಿಯಾದ ತ್ಬಿಲಿಸಿಯಲ್ಲಿ. ತಂದೆ ಜಾರ್ಜಿಯಾದವರು, ಸಿನಿಮಾ ನಿರ್ದೇಶಕರು. ತಾಯಿ ಪಶ್ಚಿಮ ಉಕ್ರೇನಿನವರು, ಹೆಸರು ಲೆಸ್ಯಾ. 1993ರಲ್ಲಿ ಗೊಂಗಾಡ್ಜೆ ಜಾರ್ಜಿಯಾದ ಅಬ್ಖಾಜಿಯಾ ಪ್ರದೇಶದ ಯುದ್ಧವನ್ನು ಚಿತ್ರೀಕರಿಸಲು ಹೋಗಿ ಗಾಯಗೊಂಡರು, ಷೆಲ್ ಚೂರುಗಳು ಮೈಗೆ ಹೊಕ್ಕವು. ಈ ಚೂರುಗಳನ್ನು ನೆನಪಿಟ್ಟುಕೊಳ್ಳಿ. ಎತ್ತರದ ಆಳು, ರೇಡಿಯೋದಲ್ಲಿ ಟಿವಿಯಲ್ಲಿ ಒಳ್ಳೆಯ ದನಿ, ಎದುರಿಗಿರುವವರು ಯಾರೇ ಆಗಲಿ ಕೇಳಬೇಕಾದದ್ದನ್ನು ಕೇಳುವ ಸ್ವಭಾವ. ಅಧ್ಯಕ್ಷ ಕುಚ್ಮಾ ಅವರಿಗೂ ಕ್ಯಾಮೆರಾ ಮುಂದೆಯೇ ಬಿಸಿ ಮುಟ್ಟಿಸಿದ್ದರು.

ಟಿವಿಯಲ್ಲಿ ಜಾಗ ಕಡಿಮೆಯಾಗುತ್ತಾ ಬಂತು. ಪತ್ರಿಕೆ ಮಾಡಲು ದುಡ್ಡಿಲ್ಲ. 2000ದ ಏಪ್ರಿಲ್ 16ರಂದು, ಒಲೆನಾ ಪ್ರಿತುಲಾ ಎಂಬ ಪತ್ರಕರ್ತೆಯ ಜೊತೆ ಸೇರಿ, ಅವರು ಇಂಟರ್ನೆಟ್‌ನಲ್ಲೇ ಒಂದು ಪತ್ರಿಕೆ ಶುರು ಮಾಡಿದರು. ಅದೇ ದಿನ ಅಧ್ಯಕ್ಷರ ಕೈ ಬಲಪಡಿಸುವ ಒಂದು ಜನಮತವೂ ನಡೆಯುತ್ತಿತ್ತು. ಪತ್ರಿಕೆಯ ಹೆಸರು ‘ಉಕ್ರಾಯಿನ್ಸ್ಕಾ ಪ್ರಾವ್ದಾ’. ಉಕ್ರೇನಿನ ಸತ್ಯ. ಆ ಹಳೇ ಜೋಕಿನ ಪದವನ್ನೇ ಎತ್ತಿಕೊಂಡು ಬೋರ್ಡಿಗೆ ಹಾಕಿದರು. ನನಗೆ ಅವರ ಬಗ್ಗೆ ಮೊದಲು ಇಷ್ಟವಾದದ್ದೇ ಇದು. ಆಗ ಅಲ್ಲಿ ಇಂಟರ್ನೆಟ್ ಇದ್ದವರು ತೀರಾ ಕಡಿಮೆ. ಕೀವ್‌ನ ಕಚೇರಿಗಳಲ್ಲಿ ಕೂತವರು, ರಾಜಕಾರಣಿಗಳು, ಬೇರೆ ಪತ್ರಕರ್ತರು ಓದುತ್ತಿದ್ದರು. ಅಧಿಕಾರದಲ್ಲಿದ್ದವರಿಗೆ ಕಿರಿಕಿರಿ ಮಾಡಲು ಅಷ್ಟು ಸಾಕಿತ್ತು.

ಜುಲೈನಲ್ಲಿ ಗೊಂಗಾಡ್ಜೆ ಪ್ರಾಸಿಕ್ಯೂಟರ್ ಜನರಲ್‌ಗೆ ಬಹಿರಂಗ ಪತ್ರ ಬರೆದರು. ನನ್ನನ್ನು ಯಾರೋ ಹಿಂಬಾಲಿಸುತ್ತಿದ್ದಾರೆ, ಪೊಲೀಸರು ನನ್ನ ಬಗ್ಗೆ ವಿಚಾರಿಸಿಕೊಂಡು ಓಡಾಡುತ್ತಿದ್ದಾರೆ ಅಂತ. ಅದರಿಂದ ಏನೂ ಆಗಲಿಲ್ಲ. ಸೆಪ್ಟೆಂಬರ್ 16ರ ರಾತ್ರಿ ಪ್ರಿತುಲಾ ಅವರ ಮನೆಯಿಂದ ತಮ್ಮ ಮನೆಗೆ ಹೊರಟರು. ಮನೆಯಲ್ಲಿ ಹೆಂಡತಿ ಮಿರೊಸ್ಲಾವಾ ಮತ್ತು ಪುಟ್ಟ ಅವಳಿ ಹೆಣ್ಣುಮಕ್ಕಳು ಕಾಯುತ್ತಿದ್ದರು. ಅವರು ಮನೆ ಮುಟ್ಟಲಿಲ್ಲ.

ನವೆಂಬರ್ ಮೊದಲ ವಾರ ಕೀವ್‌ನಿಂದ ನೂರು ಕಿಲೋಮೀಟರ್ ಆಸುಪಾಸಿನ ತರಾಷ್ಚಾ ಎಂಬ ಊರಿನ ಕಾಡಿನಲ್ಲಿ ಒಂದು ದೇಹ ಸಿಕ್ಕಿತು. ತಲೆ ಇರಲಿಲ್ಲ. ಪೊಲೀಸರು ಬಂದು ಹೇಳುತ್ತಾರೆ ಅಂತ ಸಹೋದ್ಯೋಗಿಗಳು ಕಾಯಲಿಲ್ಲ. ತಾವೇ ತರಾಷ್ಚಾಗೆ ಹೋದರು. ದೇಹದ ಜೊತೆ ಸಿಕ್ಕಿದ ಆಭರಣ ನೋಡಿದರು. ಕೈಯ ಎಕ್ಸ್‌ರೇಯಲ್ಲಿ ಲೋಹದ ಚೂರುಗಳು ಕಂಡವು. ಅಬ್ಖಾಜಿಯಾದಲ್ಲಿ ಹೊಕ್ಕ ಚೂರುಗಳು. ಒಬ್ಬ ವರದಿಗಾರನ ಗುರುತು ಸಿಕ್ಕಿದ್ದು ಅವನು ಇನ್ನೊಂದು ವರದಿಗಾಗಿ ಪಡೆದ ಗಾಯದಿಂದ. ಮುಂದೆ ಡಿಎನ್‌ಎ ಪರೀಕ್ಷೆಗಳಾದವು, ವಾದಗಳಾದವು. ತಾಯಿ ಲೆಸ್ಯಾ ಮಾತ್ರ ಅದು ತಮ್ಮ ಮಗನ ದೇಹ ಅಂತ ಒಪ್ಪಲೇ ಇಲ್ಲ. ಒಪ್ಪದೆಯೇ 2013ರಲ್ಲಿ ತೀರಿಕೊಂಡರು.

ನಿಮ್ಮಲ್ಲಿ ಕೆಲವರ ಮನಸ್ಸಿಗೆ ಈಗ ನಮ್ಮದೇ ಊರಿನ ಒಂದು ಹೆಸರು ಬಂದಿರುತ್ತದೆ. ಮುಖ ನೋಡಿದರೆ ಗೊತ್ತಾಗುತ್ತಿದೆ. ಅದನ್ನು ಹೇಳಬೇಕಾದ ರೀತಿಯಲ್ಲಿ ಹೇಳಲು ಇನ್ನೊಂದು ಗಂಟೆ ಬೇಕು. ಇವತ್ತು ಬೇಡ.

ನವೆಂಬರ್ 28ರಂದು ಸಂಸತ್ತಿನಲ್ಲಿ ಸಮಾಜವಾದಿ ನಾಯಕ ಒಲೆಕ್ಸಾಂದ್ರ್ ಮೊರೊಜ್ ಎದ್ದು ನಿಂತು, ತಮ್ಮ ಬಳಿ ಒಂದು ಟೇಪ್ ಇದೆ ಎಂದರು. ಅಧ್ಯಕ್ಷರ ಅಂಗರಕ್ಷಕ ದಳದಲ್ಲಿದ್ದ ಮಿಕೋಲಾ ಮೆಲ್ನಿಚೆಂಕೊ ಎಂಬ ಅಧಿಕಾರಿ ಕುಚ್ಮಾ ಅವರ ಕೋಣೆಯಲ್ಲಿ ಗುಟ್ಟಾಗಿ ರೆಕಾರ್ಡ್ ಮಾಡಿದ್ದು ಅಂತ. ಕುಚ್ಮಾ ಅವರದ್ದೆಂದು ಹೇಳಲಾದ ದನಿ ಅದರಲ್ಲಿ ಗೊಂಗಾಡ್ಜೆ ಬಗ್ಗೆ ಕೆಟ್ಟ ಮಾತಾಡುತ್ತದೆ, ಅವನನ್ನು ಹೇಗಾದರೂ ಸಾಗಹಾಕಿ ಅನ್ನುವ ಧಾಟಿಯಲ್ಲಿ. ಕುಚ್ಮಾ ಅವರ ಉತ್ತರ, ದನಿ ನನ್ನದಿರಬಹುದು, ಆದರೆ ಕತ್ತರಿಸಿ ಅಂಟಿಸಿದ್ದಾರೆ. ಕೊಲೆಯಲ್ಲಿ ತಮ್ಮ ಕೈವಾಡವನ್ನು ಅವರು ಯಾವತ್ತೂ ಒಪ್ಪಿಲ್ಲ, ಯಾವ ಕೋರ್ಟೂ ಅವರನ್ನು ತಪ್ಪಿತಸ್ಥ ಅಂದಿಲ್ಲ. ಇದನ್ನು ಇಷ್ಟು ಒತ್ತಿ ಯಾಕೆ ಹೇಳುತ್ತಿದ್ದೇನೆ ಅಂದರೆ, ನಾಳೆ ನೀವು ಬರೆಯುವಾಗಲೂ ಈ ಸಾಲು ಬಿಡಬಾರದು. ಬಿಟ್ಟರೆ ನಿಮ್ಮ ಡೆಸ್ಕ್‌ನಲ್ಲಿ ನನ್ನಂಥವನೊಬ್ಬ ಕೂತಿರುತ್ತಾನೆ.

ಚಳಿಯಲ್ಲಿ ಜನ ಬೀದಿಗೆ ಬಂದರು. ‘ಕುಚ್ಮಾ ಇಲ್ಲದ ಉಕ್ರೇನ್’ ಅಂತ ಚಳವಳಿಗೆ ಹೆಸರು. ಡೇರೆ ಹಾಕಿದರು, ಪೊಲೀಸರು ಕಿತ್ತರು. ಸರ್ಕಾರ ಬೀಳಲಿಲ್ಲ. ಆದರೆ ಅವತ್ತಿನಿಂದ ಸರ್ಕಾರಕ್ಕೂ ಟಿವಿ ಸುದ್ದಿಯ ಭಯ ಹತ್ತಿತು. ಹಾಳೆ ಬರೋದು ಇಲ್ಲಿ.

ಆ ಹಾಳೆಯ ಹೆಸರು ‘ತೆಮ್ನಿಕ್’. ‘ತೆಮಾ’ ಅಂದರೆ ವಿಷಯ. ಅಲ್ಲಿನವರ ಕಿವಿಗೆ ಅದರಲ್ಲಿ ‘ತ್ಯೊಮ್ನಿ’ ಕೂಡ ಕೇಳಿಸುತ್ತದೆ, ಅಂದರೆ ಕತ್ತಲು. 2002ರಲ್ಲಿ ವಿಕ್ತೋರ್ ಮೆದ್ವೆದ್ಚುಕ್ ಅಧ್ಯಕ್ಷರ ಆಡಳಿತ ಕಚೇರಿಯ ಮುಖ್ಯಸ್ಥರಾದರು. ಅದೇ ಹೊತ್ತಿಗೆ ದೊಡ್ಡ ಚಾನೆಲ್‌ಗಳ ಸುದ್ದಿ ಮುಖ್ಯಸ್ಥರಿಗೆ ಈ ಹಾಳೆಗಳು ಮೇಲಿಂದ ಮೇಲೆ ಬರತೊಡಗಿದವು. ಹೇಗಿರುತ್ತಿತ್ತು ಹೇಳುತ್ತೇನೆ ಕೇಳಿ. ಮೇಲ್ಗಡೆ ಲೆಟರ್‌ಹೆಡ್ ಇಲ್ಲ. ಕೆಳಗಡೆ ಸಹಿ ಇಲ್ಲ. ನಡುವೆ ಈ ವಾರ ಏನೇನು ನಡೆಯಲಿದೆ ಅನ್ನುವ ಪಟ್ಟಿ. ಒಂದೊಂದರ ಕೆಳಗೆ ಒಂದು ಟಿಪ್ಪಣಿ. ಇದನ್ನು ಚೆನ್ನಾಗಿ ತೋರಿಸಿ. ಇದಕ್ಕೆ ಇಂಥ ಅರ್ಥ ಬರುವಂತೆ ಹೇಳಿ. ಇದನ್ನು ಕಡೆಗಣಿಸಿ. ವಿರೋಧ ಪಕ್ಷದ ಸಭೆಯಾದರೆ ಜನಜಂಗುಳಿ ತೋರಿಸಬೇಡಿ.

ಹೀಗೆ ನಡೆಯುತ್ತಿದೆ ಅಂತ ಹ್ಯೂಮನ್ ರೈಟ್ಸ್ ವಾಚ್ 2003ರ ಮಾರ್ಚ್‌ನಲ್ಲಿ ವಿವರವಾದ ವರದಿಯನ್ನೇ ತಂದಿತು. ಸರ್ಕಾರದವರು ಅಂಥದ್ದೇನೂ ಇಲ್ಲ ಅಂದರು. ಇಲ್ಲ ಅನ್ನೋದು ಸುಲಭ. ಸಹಿಯೇ ಇಲ್ಲವಲ್ಲ!

ಸಹಿ ಇಲ್ಲದ ಹಾಳೆಗೆ ಸಹಿ ಇರುವ ಹಾಳೆಗಿಂತ ಜಾಸ್ತಿ ಶಕ್ತಿ. ಗ್ಲಾವ್‌ಲಿತ್ ಅಧಿಕಾರಿ ಒಂದು ಸಾಲು ಹೊಡೆದು ಹಾಕಿದರೆ, ಹೊಡೆದವನು ಯಾರು ಅಂತ ಗೊತ್ತಿರುತ್ತಿತ್ತು. ಜಗಳ ಆಡಬಹುದಿತ್ತು. ಈ ಹಾಳೆ ಬಂದಾಗ ಜಗಳ ಯಾರ ಜೊತೆ? ಸುದ್ದಿ ಮುಖ್ಯಸ್ಥ ಹಾಳೆಯನ್ನು ಡ್ರಾಯರ್‌ಗೆ ಹಾಕಿಕೊಳ್ಳುತ್ತಾನೆ. ವರದಿಗಾರನಿಗೆ ತೋರಿಸುವುದಿಲ್ಲ. ‘ಈ ಸ್ಟೋರಿ ಸ್ವಲ್ಪ ವೀಕ್ ಆಗಿದೆ ಕಣೋ, ಬೇಡ’ ಅಂತ ತನ್ನದೇ ಅಭಿಪ್ರಾಯ ಅನ್ನುವ ಹಾಗೆ ಹೇಳುತ್ತಾನೆ. ಎರಡು ತಿಂಗಳಾದ ಮೇಲೆ ಹಾಳೆಯೂ ಬೇಡ. ವರದಿಗಾರನೇ ಆ ಕಡೆ ಹೋಗೋದು ಬಿಡುತ್ತಾನೆ.

ಇದು ನನಗೆ ಹೇಗೆ ಗೊತ್ತು? ನಾನು ಉಕ್ರೇನಿಗೆ ಕಾಲಿಟ್ಟವನಲ್ಲ. ಆದರೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಡೆಸ್ಕ್‌ಗೂ ಒಂದು ಸಂಜೆ ಫೋನ್ ಬಂತು. ಒಂದು ಜಮೀನಿನ ಸುದ್ದಿ. ನಾನು ಮುಖಪುಟಕ್ಕೆ ಮೂರು ಕಾಲಂ ಇಟ್ಟಿದ್ದೆ. ಫೋನ್ ಎತ್ತಿದ ಹಿರಿಯರು ಸುಮ್ನೆ ‘ಹ್ಞೂಂ, ಹ್ಞೂಂ’ ಅಂದರು. ಇಟ್ಟ ಮೇಲೆ ನನ್ನ ಕಡೆ ನೋಡದೆ, ‘ಇದು ಒಳಪುಟಕ್ಕೆ ಸಿಂಗಲ್ ಕಾಲಂ ಸಾಕು ಮಾರಾಯ, ಅಷ್ಟೇನಿಲ್ಲ ಇದರಲ್ಲಿ’ ಎಂದರು. ನಾನು ಇಳಿಸಿದೆ. ಯಾರ ಫೋನ್ ಅಂತ ಕೇಳಲಿಲ್ಲ. ಇನ್ನೊಂದು ತಿಂಗಳಿಗೆ ಅಂಥದ್ದೇ ಇನ್ನೊಂದು ಸುದ್ದಿ ಬಂದಾಗ ನಾನೇ ಒಳಪುಟಕ್ಕೆ ಹಾಕಿದೆ. ಅವತ್ತು ಫೋನೇ ಬಂದಿರಲಿಲ್ಲ.

ಅದಿರಲಿ. 2002ರ ಸೆಪ್ಟೆಂಬರ್ 16. ಗೊಂಗಾಡ್ಜೆ ಕಾಣೆಯಾಗಿ ಎರಡು ವರ್ಷ. ಕೀವ್‌ನಲ್ಲಿ ದೊಡ್ಡ ಪ್ರತಿಭಟನೆ. ಆ ಬೆಳಿಗ್ಗೆ ಹಲವು ಮುಖ್ಯ ಚಾನೆಲ್‌ಗಳು ಪ್ರಸಾರವನ್ನೇ ನಿಲ್ಲಿಸಿದವು. ಕಾರಣ? ತಾಂತ್ರಿಕ ದುರಸ್ತಿ. ಎಲ್ಲರ ಯಂತ್ರಕ್ಕೂ ಅವತ್ತೇ ಎಣ್ಣೆ ಹಾಕಬೇಕಾಗಿತ್ತು ನೋಡಿ.

ಆ ಶರತ್ಕಾಲದಲ್ಲಿ ಪತ್ರಕರ್ತರು ತಿರುಗಿ ಬಿದ್ದರು. ‘ನೋವಿ ಕನಾಲ್’ ಎಂಬ ಚಾನೆಲ್‌ನ ಜನಪ್ರಿಯ ಆ್ಯಂಕರ್ ಅಂದ್ರೀ ಷೆವ್ಚೆಂಕೊ ಕೆಲಸ ಬಿಟ್ಟರು. ಸೆನ್ಸಾರ್ ಇದೆ ಅಂತ ನೂರಾರು ಜನ ಹೇಳಿಕೆಗೆ ಹೆಸರು ಕೊಟ್ಟರು. ಸ್ವತಂತ್ರ ಸಂಘ ಕಟ್ಟಿದರು. ಡಿಸೆಂಬರ್ 4ರಂದು ಸಂಸತ್ತಿನಲ್ಲೇ ಈ ಬಗ್ಗೆ ವಿಚಾರಣೆ ನಡೆಯಿತು, ಪತ್ರಕರ್ತರು ನಿಂತು ಮಾತಾಡಿದರು. ಹಾಳೆಗೆ ಸಹಿ ಇರಲಿಲ್ಲ, ಇವರು ಸಹಿ ಹಾಕಿದರು. ಹಾಳೆ ಬರೋದು ಮಾತ್ರ ನಿಲ್ಲಲಿಲ್ಲ.

ಈಗ 2004. ಅಧ್ಯಕ್ಷ ಚುನಾವಣೆ. ಒಂದು ಕಡೆ ಪ್ರಧಾನಿ ವಿಕ್ತೋರ್ ಯಾನುಕೋವಿಚ್, ಕುಚ್ಮಾ ಅವರ ಕಡೆಯವರು. ಇನ್ನೊಂದು ಕಡೆ ವಿಕ್ತೋರ್ ಯುಷ್ಚೆಂಕೊ. ಪ್ರಚಾರದ ನಡುವೆಯೇ ಅವರಿಗೆ ಡಯಾಕ್ಸಿನ್ ವಿಷ ತಗುಲಿ ಮುಖವೆಲ್ಲ ಗುಳ್ಳೆ ಎದ್ದು ಹೋಯಿತು. ದೊಡ್ಡ ಚಾನೆಲ್‌ಗಳೆಲ್ಲ ಒಂದೇ ರಾಗ. ಬೇರೆ ರಾಗ ಹಾಡಿದ್ದು ‘ಐದನೇ ಚಾನೆಲ್’ ಒಂದೇ. ಅದು ಯಾರದ್ದು? ಚಾಕೊಲೇಟ್ ವ್ಯಾಪಾರಿ, ಯುಷ್ಚೆಂಕೊ ಬಣದ ಪೆಟ್ರೊ ಪೊರೊಶೆಂಕೊ ಅವರದ್ದು. ಅಂದರೆ ಅಲ್ಲೂ ಧಣಿ ಇದ್ದೇ ಇದ್ದರು. ಇದನ್ನು ಮರೆತು ಅಲ್ಲಿನ ಕಥೆ ಹೇಳುವವರು ಅರ್ಧ ಕಥೆ ಹೇಳುತ್ತಾರೆ. ಅಕ್ಟೋಬರ್‌ನಲ್ಲಿ ಆ ಚಾನೆಲ್‌ನ ಬ್ಯಾಂಕ್ ಖಾತೆ ಮುಟ್ಟುಗೋಲಾದಾಗ ಅಲ್ಲಿನ ಪತ್ರಕರ್ತರು ಊಟ ಬಿಟ್ಟು ಕೂತರು.

ನವೆಂಬರ್ 21ಕ್ಕೆ ಎರಡನೇ ಸುತ್ತಿನ ಮತದಾನ. 24ಕ್ಕೆ ಚುನಾವಣಾ ಆಯೋಗ ಫಲಿತಾಂಶ ಹೇಳಿತು. ಯಾನುಕೋವಿಚ್‌ಗೆ ಶೇ 49.46, ಯುಷ್ಚೆಂಕೊಗೆ ಶೇ 46.61. ಮತದಲ್ಲಿ ಮೋಸ ಆಗಿದೆ ಅಂತ ಕೀವ್‌ನ ಮುಖ್ಯ ಚೌಕದಲ್ಲಿ ಅಷ್ಟರಲ್ಲಾಗಲೇ ಲಕ್ಷಾಂತರ ಜನ, ಎಲ್ಲರ ಮೈಮೇಲೂ ಯುಷ್ಚೆಂಕೊ ಬಣದ ಕಿತ್ತಳೆ ಬಣ್ಣ.

25ರ ಬೆಳಿಗ್ಗೆ. ಸರ್ಕಾರಿ ಚಾನೆಲ್ ಯುಟಿ-1. ವಾರ್ತೆ ಓದುವವರು ಕ್ಯಾಮೆರಾ ನೋಡಿಕೊಂಡು ಆಯೋಗದ ಅಂಕಿ ಓದುತ್ತಿದ್ದಾರೆ. ಪರದೆಯ ಮೂಲೆಯಲ್ಲಿ ಒಂದು ಸಣ್ಣ ಚೌಕ. ಅದರಲ್ಲಿ ಕಿವುಡರಿಗಾಗಿ ಕೈಸನ್ನೆಯಲ್ಲಿ ವಾರ್ತೆ ಹೇಳುವ ನತಾಲಿಯಾ ದ್ಮಿತ್ರುಕ್. ಅವರ ಅಪ್ಪ ಅಮ್ಮ ಇಬ್ಬರೂ ಕಿವುಡರು. ಹಾಗಾಗಿ ಸನ್ನೆಯೇ ಅವರಿಗೆ ಮನೆಮಾತು. ಅವತ್ತು ಅಂಗಿಯ ತೋಳಿನೊಳಗೆ ಕೈಗೆ ಒಂದು ಕಿತ್ತಳೆ ರಿಬ್ಬನ್ ಕಟ್ಟಿಕೊಂಡು ಬಂದಿದ್ದರು. ಒಂದು ಹಂತದಲ್ಲಿ ಓದುವವರ ಮಾತನ್ನು ಬಿಟ್ಟು, ತಮ್ಮ ಮಾತನ್ನು ಕೈಯಲ್ಲಿ ಹೇಳತೊಡಗಿದರು. ಆಯೋಗ ಹೇಳಿದ ಫಲಿತಾಂಶ ಸುಳ್ಳು, ನಂಬಬೇಡಿ. ನಮ್ಮ ಅಧ್ಯಕ್ಷ ಯುಷ್ಚೆಂಕೊ. ಇಷ್ಟು ದಿನ ಸುಳ್ಳನ್ನು ನಿಮಗೆ ಹೇಳಬೇಕಾಯಿತು, ಬೇಜಾರಾಗಿದೆ. ಇನ್ನು ಹೇಳುವುದಿಲ್ಲ. ಮತ್ತೆ ನೀವು ನನ್ನನ್ನು ನೋಡುತ್ತೀರೋ ಇಲ್ಲವೋ.

ಸ್ವಲ್ಪ ಊಹಿಸಿಕೊಳ್ಳಿ. ಪಕ್ಕದಲ್ಲಿ ಕೂತು ಓದುತ್ತಿದ್ದವರಿಗೆ ಗೊತ್ತಾಗಲಿಲ್ಲ. ಕಂಟ್ರೋಲ್ ರೂಮಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಹಾಳೆ ಬರೆದವರು ಸುದ್ದಿ ಮುಖ್ಯಸ್ಥರನ್ನು ಹಿಡಿದಿದ್ದರು, ಆ್ಯಂಕರ್‌ನನ್ನು ಹಿಡಿದಿದ್ದರು. ಮೂಲೆಯ ಸಣ್ಣ ಚೌಕದ ಹೆಂಗಸು ಅವರ ಲೆಕ್ಕದಲ್ಲೇ ಇರಲಿಲ್ಲ. ದೇಶದಲ್ಲಿ ಆ ಕ್ಷಣ ಸರ್ಕಾರಿ ಟಿವಿಯಿಂದ ನಿಜ ತಿಳಿದದ್ದು ಕಿವಿ ಕೇಳದವರಿಗೆ ಮಾತ್ರ.

ಆಮೇಲೆ ಅವರು ಸಹೋದ್ಯೋಗಿಗಳಿಗೆ ತಾವೇ ಹೇಳಿದರು. ಬೈಯಲಿಲ್ಲ, ತಬ್ಬಿಕೊಂಡರು. ಯುಟಿ-1ರ ಪತ್ರಕರ್ತರು ಆಗಲೇ ಕುದಿಯುತ್ತಿದ್ದರು, ಮುಷ್ಕರಕ್ಕೆ ಇಳಿದರು. ಅದೇ ಸಂಜೆ ‘1+1’ ಚಾನೆಲ್ ತನ್ನ ಪಕ್ಷಪಾತದ ಸುದ್ದಿಗೆ ಪ್ರೇಕ್ಷಕರ ಕ್ಷಮೆ ಕೇಳಿತು. ಸುಪ್ರೀಂ ಕೋರ್ಟ್ ಎರಡನೇ ಸುತ್ತನ್ನು ರದ್ದು ಮಾಡಿತು. ಡಿಸೆಂಬರ್ 26ರ ಮರುಮತದಾನದಲ್ಲಿ ಯುಷ್ಚೆಂಕೊ ಗೆದ್ದರು.

ಕಥೆ ಇಲ್ಲಿಗೆ ಮುಗಿಸಿದರೆ ನೀವು ಚಪ್ಪಾಳೆ ಹೊಡೆಯುತ್ತೀರಿ, ನಾನು ಕಾಫಿ ಕುಡಿದು ಹೋಗಬಹುದು. ಆದರೆ ಎಂಟು ತಿಂಗಳು ಮುಂದೆ ಬನ್ನಿ.

2005ರ ಜುಲೈ. ಅದೇ ‘ಉಕ್ರಾಯಿನ್ಸ್ಕಾ ಪ್ರಾವ್ದಾ’ದಲ್ಲಿ ಸೆರ್ಹೀ ಲೆಷ್ಚೆಂಕೊ ಎಂಬ ಯುವಕ ಒಂದು ಸುದ್ದಿ ಬರೆದ. ಹೊಸ ಅಧ್ಯಕ್ಷ ಯುಷ್ಚೆಂಕೊ ಅವರ 19 ವರ್ಷದ ಮಗ ಬಿಎಂಡಬ್ಲ್ಯು ಎಂ6 ಕಾರಿನಲ್ಲಿ ಕೀವ್ ಸುತ್ತುತ್ತಾನೆ, ದುಬಾರಿ ಜೀವನ, ದುಡ್ಡು ಎಲ್ಲಿಂದ ಅಂತ. ಪತ್ರಿಕಾಗೋಷ್ಠಿಯಲ್ಲಿ ಅವನು ಇದನ್ನೇ ಕೇಳಿದ. ಯುಷ್ಚೆಂಕೊ ಕೆಂಡವಾದರು. ಸಭ್ಯ ಪತ್ರಕರ್ತನ ಹಾಗೆ ನಡೆದುಕೋ, ಸುಪಾರಿ ಕೊಲೆಗಾರನ ಹಾಗೆ ಅಲ್ಲ ಅನ್ನುವ ಅರ್ಥದ ಮಾತಾಡಿದರು. ಗೊಂಗಾಡ್ಜೆಯ ಪತ್ರಿಕೆಯ ಹುಡುಗನಿಗೆ!

ಸುಮಾರು ಎಂಟು ತಿಂಗಳ ಹಿಂದೆ ಇದೇ ಪತ್ರಕರ್ತರಲ್ಲಿ ಎಷ್ಟೋ ಜನ ಯುಷ್ಚೆಂಕೊಗಾಗಿ ಚಳಿಯಲ್ಲಿ ನಿಂತಿದ್ದವರು. ನಮ್ಮವರೇ ಅಲ್ವಾ, ಹೋಗಲಿ ಬಿಡು ಅನ್ನಬಹುದಿತ್ತು. ಅನ್ನಲಿಲ್ಲ. ನೂರಾರು ಪತ್ರಕರ್ತರು ಸಹಿ ಹಾಕಿ ಕ್ಷಮೆ ಕೇಳಿ ಎಂದರು. ಅಧ್ಯಕ್ಷರು ಕ್ಷಮೆ ಕೇಳಬೇಕಾಯಿತು. ಬೇಕಿದ್ದರೆ ಜಗಳ ಮಾಡಿ, ಕಿತ್ತಳೆ ಬಣ್ಣದ ಚೌಕಕ್ಕಿಂತ ಈ ಕಾರಿನ ಸುದ್ದಿಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಎದುರಾಳಿಯ ವಿರುದ್ಧ ಬರೆಯಲು ಧೈರ್ಯ ಬೇಕು, ನಿಜ. ನಾವೇ ಗೆಲ್ಲಿಸಿದವನ ಮನೆಯ ಗ್ಯಾರೇಜಿಗೆ ಬಗ್ಗಿ ನೋಡಲು ಬೇರೆಯೇ ಏನೋ ಬೇಕು. ಅದಕ್ಕೆ ನನ್ನ ಹತ್ತಿರ ಹೆಸರಿಲ್ಲ.

ಮಾತು ಮುಗಿಸಿದಾಗ ಹಿಂದಿನ ಸಾಲಿನ ಒಬ್ಬ ಹುಡುಗಿ ಕೈ ಎತ್ತಿದಳು. ‘ಸಾರ್, ಗೊಂಗಾಡ್ಜೆ ಕೇಸ್ ಏನಾಯ್ತು? ಶಿಕ್ಷೆ ಆಯ್ತಾ?’ ಒಳ್ಳೆಯ ಪ್ರಶ್ನೆ. ನಾನೇ ಮರೆತಿದ್ದೆ.

ಆಯಿತು, ಅರ್ಧ. 2008ರ ಮಾರ್ಚ್‌ನಲ್ಲಿ ಮೂವರು ಪೊಲೀಸರಿಗೆ 12, 13 ವರ್ಷಗಳ ಜೈಲು. ಅವರ ಮೇಲಧಿಕಾರಿ, ಆಂತರಿಕ ಸಚಿವಾಲಯದ ಕಣ್ಗಾವಲು ವಿಭಾಗದ ಮುಖ್ಯಸ್ಥ ಜನರಲ್ ಒಲೆಕ್ಸೀ ಪುಕಾಚ್ ವರ್ಷಗಟ್ಟಲೆ ತಲೆಮರೆಸಿಕೊಂಡಿದ್ದ. 2009ರಲ್ಲಿ ಒಂದು ಹಳ್ಳಿಯಲ್ಲಿ ಸಿಕ್ಕಿಬಿದ್ದ. ಅಂದರೆ ಯಾರೋ ಹಿಂಬಾಲಿಸುತ್ತಿದ್ದಾರೆ ಅಂತ ಗೊಂಗಾಡ್ಜೆ ಬರೆದಿದ್ದು ಅಕ್ಷರಶಃ ಸರಿ. ಕಣ್ಗಾವಲು ವಿಭಾಗದವರೇ. 2013ರ ಜನವರಿಯಲ್ಲಿ ಪುಕಾಚ್‌ಗೆ ಜೀವಾವಧಿ ಆಯಿತು. ತೀರ್ಪು ಒಪ್ಪುತ್ತೀಯಾ ಅಂತ ಕೇಳಿದಾಗ, ಕುಚ್ಮಾ ಮತ್ತು ಅವರ ಆಗಿನ ಆಡಳಿತ ಮುಖ್ಯಸ್ಥ ಲಿತ್ವಿನ್ ನನ್ನ ಜೊತೆ ಇಲ್ಲಿ ನಿಂತಾಗ ಒಪ್ಪುತ್ತೇನೆ ಅನ್ನುವ ಹಾಗೆ ಉತ್ತರಿಸಿದ. ಅವರಿಬ್ಬರೂ ಆರೋಪ ಅಲ್ಲಗಳೆದವರು. 2011ರಲ್ಲಿ ಕುಚ್ಮಾ ಮೇಲೆ ಕೇಸ್ ಹಾಕಿದ್ದರು, ಗುಟ್ಟಾಗಿ ಮಾಡಿದ ಟೇಪ್ ಸಾಕ್ಷಿಯಾಗದು ಅಂತ ಅದೇ ವರ್ಷ ಬಿದ್ದುಹೋಯಿತು. ಆಗಿನ ಆಂತರಿಕ ಸಚಿವ ಯೂರಿ ಕ್ರಾವ್ಚೆಂಕೊ 2005ರ ಮಾರ್ಚ್ 4ರಂದು, ವಿಚಾರಣೆಗೆ ಹಾಜರಾಗಬೇಕಿದ್ದ ದಿನವೇ, ಸತ್ತು ಸಿಕ್ಕಿದರು. ತಲೆಗೆ ಎರಡು ಗುಂಡು. ಸರ್ಕಾರಿ ತೀರ್ಮಾನ, ಆತ್ಮಹತ್ಯೆ.

ಗೊಂಗಾಡ್ಜೆಯನ್ನು ಮಣ್ಣು ಮಾಡಿದ್ದು 2016ರ ಮಾರ್ಚ್ 22ರಂದು. ಸತ್ತು ಹದಿನೈದೂವರೆ ವರ್ಷದ ಮೇಲೆ. ನಾಲ್ಕು ತಿಂಗಳಿಗೆ, ಜುಲೈ 20ರಂದು, ಅದೇ ಪತ್ರಿಕೆಯ ಪಾವೆಲ್ ಷೆರೆಮೆಟ್ ಕೀವ್‌ನ ಬೀದಿಯಲ್ಲಿ ಕಾರ್ ಬಾಂಬ್‌ಗೆ ಬಲಿಯಾದರು. ಕಾರು ಒಲೆನಾ ಪ್ರಿತುಲಾ ಅವರದ್ದು.

ಹಾಲ್‌ನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹುಡುಗ, ‘ಹಾಗಾದ್ರೆ ಏನೂ ಬದಲಾಗಲಿಲ್ಲ ಅಂತಾನಾ ಸಾರ್?’ ಎಂದ. ನಾನು ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಇನ್ನೊಂದು ಹಾಳೆಯ ಕಥೆ ಹೇಳಿದೆ.

2014ರ ಫೆಬ್ರವರಿ. ಅಷ್ಟರಲ್ಲಿ ಯಾನುಕೋವಿಚ್ 2010ರ ಚುನಾವಣೆ ಗೆದ್ದು ಅಧ್ಯಕ್ಷರಾಗಿ, ಮತ್ತೆ ಚೌಕ ತುಂಬಿ, ಗುಂಡು ಹಾರಿ, ಜನ ಸತ್ತು, ಅವರು ಓಡಿಹೋಗಿದ್ದರು. ಕೀವ್ ಹೊರಗೆ ದೊಡ್ಡ ಜಲಾಶಯದ ದಡದಲ್ಲಿ ಅವರ ಮೆಝಿಹಿರ್ಯಾ ಬಂಗಲೆ. ಆ ಆಸ್ತಿ ಯಾರ ಹೆಸರಲ್ಲಿದೆ ಅಂತ ಲೆಷ್ಚೆಂಕೊ ಥರದವರು ವರ್ಷಗಟ್ಟಲೆ ಬರೆದಿದ್ದರು. ಗೇಟಿನ ಆಚೆ ನಿಂತು ಬರೆದಿದ್ದರು. ಈಗ ಗೇಟು ತೆರೆದಿತ್ತು. ಒಳಗೆ ಹೋದವರಿಗೆ ನೀರಿನ ಮೇಲೆ ಕಾಗದ ತೇಲುತ್ತಿರುವುದು ಕಂಡಿತು. ಓಡುವ ಅವಸರದಲ್ಲಿ ಫೈಲುಗಳನ್ನು ನೀರಿಗೆ ಎಸೆದಿದ್ದರು.

ಮುಳುಗುಗಾರರನ್ನು ಕರೆಸಿದರು. ಇನ್ನೂರು ಫೈಲುಗಳ ಆಸುಪಾಸು ಮೇಲೆ ಬಂದವು. ಬೇರೆ ಬೇರೆ ಪತ್ರಿಕೆ, ಬೇರೆ ಬೇರೆ ಚಾನೆಲ್‌ನವರು, ದಿನಾ ಒಬ್ಬರ ಸುದ್ದಿ ಇನ್ನೊಬ್ಬರು ಹೊಡೆಯುವವರು, ಅವತ್ತು ಒಟ್ಟಿಗೆ ಕೂತರು. ಮಂಡಿಯೂರಿ ಹಾಳೆ ಹಾಳೆ ಬಿಡಿಸಿದರು. ನೆಲದ ಮೇಲೆ ಹರಡಿದರು. ಅಧ್ಯಕ್ಷರ ಮನೆಯ ಸೌನಾದಲ್ಲಿ, ಅದೇ ಬಿಸಿ ಹವೆಯ ಸ್ನಾನದ ಕೋಣೆ, ಅದನ್ನು ಕಾಯಿಸಿ ಅದರೊಳಗೆ ಒಣಗಿಸಿದರು. ಒಣಗಿದ್ದನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಕಾಣುವ ಹಾಗೆ ಇಂಟರ್ನೆಟ್‌ಗೆ ಹಾಕಿದರು. ಬಿಲ್ಲುಗಳು, ರಸೀದಿಗಳು, ಗುತ್ತಿಗೆ ಪತ್ರಗಳು.

ಅವುಗಳಲ್ಲಿ ಬಹಳಷ್ಟಕ್ಕೆ ಸಹಿ ಇತ್ತು. ಮೊಹರೂ ಇತ್ತು.